ಅಜ್ಜರಕಾಡಿನ ಸುತ್ತು, ಕಿಡ್ನಿಯ ಸೋರಿಕೆ

ನನಗೆ ಎಲ್ಲೂ ನೋವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಿಡ್ನಿ ಅಂದ ಕೂಡಲೇ ಜನ ತಮ್ಮ ಸೊಂಟ ಮುಟ್ಟಿಕೊಂಡು "ಇಲ್ಲಿ ನೋಯ್ತಿತ್ತಾ?" ಅಂತ ಕೇಳುತ್ತಾರೆ. ನೋವಿಲ್ಲ, ಉರಿ ಇಲ್ಲ, ಕಾಲು ಊದಿದ್ದೂ ಇಲ್ಲ. ಇನ್ಶೂರೆನ್ಸ್ ಪಾಲಿಸಿ ಮಾಡಿಸಲು ಹೋಗಿ ಸಿಕ್ಕಿಬಿದ್ದವನು ನಾನು.

ಉಡುಪಿಯಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಅಂಗಡಿ. ಕ್ರಯಪತ್ರ, ವಿಭಾಗಪತ್ರ, ವೀಲುನಾಮೆ, ಬಾಡಿಗೆ ಕರಾರು, ದಿನವಿಡೀ ಇದೇ. ಬೆಳಿಗ್ಗೆ 9ಕ್ಕೆ ಕುರ್ಚಿಯಲ್ಲಿ ಕೂತರೆ ಏಳುವುದು ಊಟಕ್ಕೆ. ಮತ್ತೆ ಕೂತರೆ ಏಳುವುದು ಬಾಗಿಲು ಹಾಕಲಿಕ್ಕೆ. ಚಾ ಕೂತಲ್ಲಿಗೇ ಬರುತ್ತದೆ. 4 ಗಂಟೆಗೆ ಪೇಪರಿನಲ್ಲಿ ಕಟ್ಟಿದ ಗೋಳಿಬಜೆಯೂ ಕೂತಲ್ಲಿಗೇ ಬರುತ್ತದೆ. ಹೀಗೆ 18 ವರ್ಷ. ಆಗ ನನಗೆ 44 ವಯಸ್ಸು, ಎತ್ತರ 5 ಅಡಿ 7 ಇಂಚು, ತೂಕ 104 ಕೆಜಿ. ನಮ್ಮ ಕಡೆ ಇದಕ್ಕೆ ಯಾರೂ ಬೊಜ್ಜು ಅನ್ನುವುದಿಲ್ಲ. "ಜನ ಗಟ್ಟಿ ಉಂಟು" ಅನ್ನುತ್ತಾರೆ. ನಾನೂ ಅದನ್ನೇ ನಂಬಿದ್ದೆ.

ಜನವರಿಯಲ್ಲಿ ಪಾಲಿಸಿಯ ಮೆಡಿಕಲ್ ಟೆಸ್ಟ್. ಬಿಪಿ 146/94 ಬಂತು. ಅದು ನಡೆದು ಬಂದದ್ದಕ್ಕೆ ಅಂದುಕೊಂಡೆ. ಮೂತ್ರದ ರಿಪೋರ್ಟಿನಲ್ಲಿ ಪ್ರೋಟೀನ್ ಎದುರು 1 ಪ್ಲಸ್ ಅಂತ ಬರೆದಿತ್ತು. ಪ್ಲಸ್ ಅಂದರೆ ಒಳ್ಳೆಯದೇ ಅಲ್ವಾ ಅಂತ ಏಜೆಂಟನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಪಾಲಿಸಿಯೂ ಕೊಡಲಿಲ್ಲ.

ಆಗ ನೆನಪಾಯಿತು ನೊರೆ. ಆರು ತಿಂಗಳಿಂದ ಬೆಳಿಗ್ಗೆ ಮೂತ್ರ ಹೋದ ಮೇಲೆ ಕಮೋಡಿನಲ್ಲಿ ಸಣ್ಣ ಸಣ್ಣ ಗುಳ್ಳೆಯ ನೊರೆ ನಿಲ್ಲುತ್ತಿತ್ತು. ಸಾಬೂನು ನೊರೆಯ ಹಾಗೆ ಒಡೆದು ಹೋಗುವುದಲ್ಲ. ಕಾಯಿಸಿದ ಹಾಲಿನ ಮೇಲಿನ ನೊರೆಯ ಹಾಗೆ ಅಂಟಿಕೊಂಡು ಇರುವುದು. ಒಂದು ಸಲ ಫ್ಲಶ್ ಮಾಡಿದರೆ ಪೂರ್ತಿ ಹೋಗುತ್ತಿರಲಿಲ್ಲ. ಹೆಂಡತಿ ಹಾಕುವ ಟಾಯ್ಲೆಟ್ ಕ್ಲೀನರ್‌ದ್ದು ಇರಬೇಕು ಅಂತ ತಿಳಿದು, ಬೇರೆ ಬ್ರ್ಯಾಂಡ್ ತರಬಾರದಾ ಅಂತ ಅವಳಿಗೆ ಬೈದಿದ್ದೂ ಉಂಟು. ಪಾಪ, ಅವಳು ಎರಡು ಸಲ ಬ್ರ್ಯಾಂಡ್ ಬದಲಿಸಿದಳು.

ನಮ್ಮ ಮನೆ ಡಾಕ್ಟರು ಇನ್ನೊಂದು ಮೂತ್ರ ಪರೀಕ್ಷೆ ಬರೆದುಕೊಟ್ಟರು. ಹೆಸರು ಎಸಿಆರ್. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತ, ಸ್ನಾಯುಗಳಿಂದ ಬಂದು ಮೂತ್ರದಲ್ಲಿ ಹೋಗುವ ಕಸವಾದ ಕ್ರಿಯಾಟಿನಿನ್‌ಗೆ ಹೋಲಿಸಿ ಲೆಕ್ಕ ಹಾಕುವುದು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಅಂದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಜೋರಾಗಿದೆ. ನನ್ನದು 164. ರಕ್ತದ ಕ್ರಿಯಾಟಿನಿನ್ 0.7, ಅದರಿಂದ ಲೆಕ್ಕ ಹಾಕಿದ, ಕಿಡ್ನಿ ಸೋಸುವ ವೇಗ ಹೇಳುವ ಇಜಿಎಫ್‌ಆರ್ 116. ಈ ಎರಡನೆಯದು ಬಹಳ ಚೆನ್ನಾಗಿದೆ ಅಂತ ಲ್ಯಾಬಿನ ಹುಡುಗಿಯೇ ಹೇಳಿದಳು. 90ರ ಮೇಲಿದ್ದರೆ ಸರಿಯಂತೆ. ನನ್ನದು ನೂರರ ಮೇಲೆ! ಫಸ್ಟ್ ಕ್ಲಾಸಲ್ಲಿ ಪಾಸಾದ ಹಾಗೆ ಬೀಗಿಕೊಂಡು ಕಿಡ್ನಿ ಡಾಕ್ಟರ್ ಹತ್ತಿರ ಹೋದೆ.

ಅವರ ವೇಟಿಂಗ್ ಹಾಲಿನಲ್ಲಿ ಒಂದು ಹಳೆಯ ಪೋಸ್ಟರ್ ಇತ್ತು. 2017ರ ವಿಶ್ವ ಕಿಡ್ನಿ ದಿನದ್ದು. ಆ ವರ್ಷದ ವಿಷಯ ಬೊಜ್ಜು ಮತ್ತು ಕಿಡ್ನಿ. ಮುಕ್ಕಾಲು ಗಂಟೆ ಅದರ ಕೆಳಗೇ ಕೂತಿದ್ದೆ. ಅದು ನನಗೇ ಹಾಕಿದ್ದು ಅಂತ ತಲೆಗೆ ಹೋಗಲಿಲ್ಲ.

ಡಾಕ್ಟರ್ ಮೇಡಂ ನಮ್ಮ ಕಡೆಯವರೇ. ರಿಪೋರ್ಟ್ ನೋಡಿ ಮೊದಲು ಕೇಳಿದ್ದು, "ನೀವು ಎಂತ ಕೆಲಸ ಮಾಡುದು?" ಟೈಪಿಂಗ್ ಅಂದೆ. "ಹಾಗಾದ್ರೆ ನಿಮಗೆ ಬೇಗ ಅರ್ಥ ಆಗ್ತದೆ" ಅಂತ ಚೀಟಿಯ ಹಿಂದೆ ಚಿತ್ರ ಬಿಡಿಸಿದರು. ನಿಮ್ಮ ಅಂಗಡಿಯಲ್ಲಿ ಎರಡು ಪ್ರಿಂಟರ್ ಉಂಟು ಅಂತ ಇಟ್ಟುಕೊಳ್ಳಿ. ಹೊಸದು ತರಲಿಕ್ಕಿಲ್ಲ. ಹುಟ್ಟುವಾಗ ಎಷ್ಟು ಕೊಟ್ಟಿದ್ದಾರೋ ಅಷ್ಟೇ. ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಬಹುಪಾಲು ವಾಪಸ್ ರಕ್ತಕ್ಕೆ ಹೋಗುತ್ತದೆ, ಒಂದೂವರೆ ಲೀಟರಿನಷ್ಟು ಮೂತ್ರವಾಗುತ್ತದೆ. ಮೈ ದೊಡ್ಡದಾದ ಹಾಗೆ ಕೆಲಸ ಜಾಸ್ತಿಯಾಗುತ್ತದೆ, ಘಟಕಗಳ ಸಂಖ್ಯೆ ಜಾಸ್ತಿಯಾಗುವುದಿಲ್ಲ. ಆಗ ಇದ್ದವೇ ಓವರ್‌ಟೈಮ್ ಮಾಡುತ್ತವೆ.

"ನಿಮ್ಮ ಈ 116 ಉಂಟಲ್ಲ, ಅದು ಮಾರ್ಕ್ಸ್ ಅಲ್ಲ. ಪ್ರಿಂಟರ್ ಸ್ಪೀಡಲ್ಲಿ ಓಡ್ತಾ ಇರುದು" ಅಂದರು.

ಸೋರಿಕೆ ಯಾಕೆ ಅಂತ ಕೇಳಿದೆ. ಅದಕ್ಕೆ ಅವರು ಪ್ರಿಂಟರ್ ಬಿಟ್ಟು ಅಡುಗೆಮನೆಗೆ ಬಂದರು. ತೆಂಗಿನ ಹಾಲು ಸೋಸುವ ಬಟ್ಟೆ ಹೊಸತರಲ್ಲಿ ಬಿಗಿಯಾಗಿರುತ್ತದೆ, ಚರಟ ಒಂದು ಚೂರೂ ಕೆಳಗೆ ಬೀಳುವುದಿಲ್ಲ. ಒತ್ತಿ ಒತ್ತಿ ಹಿಂಡಿದರೆ ನೂಲು ಅಗಲವಾಗಿ ಚರಟ ಬೀಳಲು ಶುರು. ಕಿಡ್ನಿಯ ಒಳಗಿನ ಸೋಸುವ ಉಂಡೆಗಳೂ ಹೀಗೆಯೇ. ಒತ್ತಡಕ್ಕೆ ಅವು ಊದಿಕೊಳ್ಳುತ್ತವೆ. ಮೇಲೆ ಹೊದ್ದುಕೊಂಡಿರುವ ಜೀವಕೋಶಗಳು ಹಿಗ್ಗಿ ಹಿಗ್ಗಿ ಒಂದು ಹಂತದಲ್ಲಿ ಸಾಲದೆ ಬರುತ್ತವೆ. ಆ ಸಂದಿನಲ್ಲಿ ಪ್ರೋಟೀನ್ ಜಾರುತ್ತದೆ. ಬೊಜ್ಜಿಗೂ ಹೀಗೆ ಪ್ರೋಟೀನ್ ಸೋರುವುದಕ್ಕೂ ನಂಟಿದೆ ಅಂತ ವೈದ್ಯರು 1974ರಲ್ಲೇ ಬರೆದಿಟ್ಟಿದ್ದಾರಂತೆ. ನಾನು ಹುಟ್ಟುವ ಮೊದಲೇ ಗೊತ್ತಿದ್ದ ವಿಷಯ ನನಗೆ ಗೊತ್ತಾಗಲು ಇನ್ಶೂರೆನ್ಸ್ ಏಜೆಂಟ್ ಬೇಕಾಯಿತು.

ಅವತ್ತು ಮಾತ್ರೆ ಕೊಡಲಿಲ್ಲ. ಒಂದೇ ಟೆಸ್ಟ್ ನಂಬುವ ಹಾಗಿಲ್ಲ, ಮೂರು ತಿಂಗಳೊಳಗೆ ಇನ್ನೆರಡು ಸಲ ನೋಡಬೇಕು ಅಂದರು. ಅಲ್ಲಿವರೆಗೆ ಉಪ್ಪು ಕಮ್ಮಿ, ನಡಿಗೆ ಶುರು. ವಾರಕ್ಕೆ 150 ನಿಮಿಷ. ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆದರು. 114 ಸೆಂಟಿಮೀಟರ್. ಗಂಡಸರಿಗೆ 90ರ ಒಳಗಿರಬೇಕಂತೆ. "ತೂಕಕ್ಕಿಂತ ನನಗೆ ಈ ಟೇಪಿನ ಮೇಲೆ ನಂಬಿಕೆ ಜಾಸ್ತಿ" ಅಂದರು. ಹೊಟ್ಟೆಯೊಳಗಿನ ಕೊಬ್ಬು ಬಿಪಿ ಏರಿಸುತ್ತದೆ, ಮೈ ಇನ್ಸುಲಿನ್‌ನ ಮಾತು ಕೇಳದ ಹಾಗೆ ಮಾಡುತ್ತದೆ, ಕಿಡ್ನಿಯ ಸುತ್ತ ಸೇರಿಕೊಂಡು ಅದನ್ನೇ ಒತ್ತುತ್ತದೆ. ಮೂರೂ ಕೊನೆಗೆ ಬಂದು ನಿಲ್ಲುವುದು ಆ ಸೋಸುವ ಬಟ್ಟೆಯ ಮೇಲೆ.

ಮನೆಯಲ್ಲಿ ಗೊತ್ತಾದ ಕೂಡಲೇ ಮದ್ದುಗಳು ಶುರುವಾದವು. ಅಮ್ಮ ದಿನಾ ಬಾಳೆದಿಂಡಿನ ರಸ ಮಾಡಿ ಇಟ್ಟರು. "ಕುಡಿ ಮಗಾ, ಕಿಡ್ನಿಗೆ ಒಳ್ಳೆದು." ಅದು ಕಲ್ಲಿಗೆ ಅಮ್ಮ, ನನಗೆ ಕಲ್ಲಿಲ್ಲ ಅಂದರೆ ಕೇಳಬೇಕಲ್ಲ. ಪಕ್ಕದ ಮನೆಯವರು ಇನ್ನೂ ಮುಂದೆ ಹೋದರು. ಅವರ ಹಿತ್ತಲಲ್ಲಿ ಬಿಂಬುಳಿ ಮರ ಉಂಟು. ಖಾಲಿ ಹೊಟ್ಟೆಗೆ ಹಸಿ ಬಿಂಬುಳಿ ಜ್ಯೂಸ್ ಕುಡಿದರೆ ಕೊಬ್ಬು ಬೆಣ್ಣೆಯ ಹಾಗೆ ಕರಗುತ್ತದೆ ಅಂತ ಒಂದು ಚೀಲ ತುಂಬಾ ಕೊಟ್ಟರು. ಸದ್ಯ, ಕುಡಿಯುವ ಮೊದಲು ಡಾಕ್ಟರಿಗೆ ಒಂದು ಮೆಸೇಜ್ ಹಾಕಿದೆ. ಅವರು ಮೆಸೇಜ್ ಮಾಡಲಿಲ್ಲ, ನೇರ ಫೋನೇ ಮಾಡಿದರು. ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ರಸ ಹಿಂಡಿ ಕುಡಿದರೆ ಅದು ಕಿಡ್ನಿಯೊಳಗೆ ಹರಳು ಕಟ್ಟುತ್ತದೆ. ಕೇರಳದಲ್ಲಿ ಹೀಗೆ ಕುಡಿದು ಕಿಡ್ನಿ ಕೈಕೊಟ್ಟ ಕೇಸುಗಳು ದಾಖಲಾಗಿವೆಯಂತೆ. ಧಾರೆಹುಳಿಯದ್ದೂ ಇದೇ ಕಥೆ. ಸಾರಿಗೆ ಒಂದೆರಡು ಬಿಂಬುಳಿ ಹಾಕುವುದು ಬೇರೆ, ಲೋಟಗಟ್ಟಲೆ ಕುಡಿಯುವುದು ಬೇರೆ. ಆ ಚೀಲ ಉಪ್ಪಿನಕಾಯಿಯಾಯಿತು. ಉಪ್ಪಿನಕಾಯಿ ನನಗೆ ಬಂದ್ ಆಗಿದ್ದರಿಂದ ಅದೂ ಸಿಗಲಿಲ್ಲ.

ಈಗ ನನ್ನ ಮೊದಲ ತಪ್ಪು. ಎರಡನೇ ಟೆಸ್ಟ್ ಫೆಬ್ರವರಿ ಕೊನೆಗೆ ಇತ್ತು. ಅಷ್ಟರಲ್ಲಿ ನನಗೆ ಹುರುಪು ಬಂದಿತ್ತು. ಭಾವನ ಜೊತೆ ಬೆಳಿಗ್ಗೆ ಶಟಲ್ ಆಡಲು ಹೋಗುತ್ತಿದ್ದೆ. ಟೆಸ್ಟಿನ ದಿನವೂ ಹೋದೆ. ಒಳ್ಳೆಯ ರಿಪೋರ್ಟ್ ಬರಲಿ ಅಂತ ಅವತ್ತು ಇನ್ನೂ ಜೋರಾಗಿಯೇ ಆಡಿದೆ. ಅಂಗಿ ಹಿಂಡುವ ಹಾಗೆ ಬೆವರು ಸುರಿಸಿ, ಅಲ್ಲಿಂದಲೇ ಲ್ಯಾಬಿಗೆ ಹೋಗಿ ಸ್ಯಾಂಪಲ್ ಕೊಟ್ಟೆ.

ಎಸಿಆರ್ 312.

ಆ ರಾತ್ರಿ ನಿದ್ದೆ ಬರಲಿಲ್ಲ. ವೀಲುನಾಮೆ ಟೈಪ್ ಮಾಡುವವನಿಗೆ ಇಂಥ ರಾತ್ರಿ ಏನೆಲ್ಲ ಯೋಚನೆ ಬರುತ್ತದೆ ಅಂತ ಹೇಳಬೇಕಾಗಿಲ್ಲ. ನಮೂನೆ ಕಂಪ್ಯೂಟರಿನಲ್ಲಿ ರೆಡಿ ಇತ್ತು, ಹೆಸರು ತುಂಬಿಸಿದರೆ ಆಯಿತು. ವ್ಯಾಯಾಮ ಮಾಡಿದ್ದಕ್ಕೆ ಡಬಲ್ ಆಯಿತಲ್ಲ ಅಂತ ಸಿಟ್ಟು ಬೇರೆ.

ಡಾಕ್ಟರ್ ನಕ್ಕರು. ಸ್ವಲ್ಪ ಬೈದರೂ ಬೈದರು. ಜೋರಾಗಿ ಓಡಿದಾಗ, ಆಡಿದಾಗ ರಕ್ತವೆಲ್ಲ ಸ್ನಾಯುಗಳ ಕಡೆ ಹೋಗುತ್ತದೆ. ಕಿಡ್ನಿಗೆ ಬರುವುದು ಅಷ್ಟು ಹೊತ್ತು ಕಮ್ಮಿಯಾಗುತ್ತದೆ. ಆಗ ಒಂದಷ್ಟು ಪ್ರೋಟೀನ್ ಮೂತ್ರಕ್ಕೆ ಇಳಿಯುವುದು ಸಹಜ, ಪೂರ್ತಿ ಆರೋಗ್ಯವಂತರಿಗೂ ಹೀಗಾಗುತ್ತದೆ. ಒಂದೆರಡು ದಿನದಲ್ಲಿ ತಾನೇ ಸರಿಹೋಗುತ್ತದೆ. ಜ್ವರ ಬಂದಾಗ, ಮೂತ್ರದ ಸೋಂಕು ಇದ್ದಾಗಲೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಟೆಸ್ಟಿನ ಮುಂಚಿನ 24 ಗಂಟೆ ಬೆವರು ಸುರಿಸುವ ಕೆಲಸ ಬೇಡ, ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರ ಕೊಟ್ಟರೆ ಒಳ್ಳೆಯದು. ಇದನ್ನು ಲ್ಯಾಬಿನಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹೊಟ್ಟೆ ಖಾಲಿ ಇರಬೇಕಾ ಅಂತ ಮಾತ್ರ ನಾನೇ ಕೇಳಿದ್ದೆ. ಎರಡು ದಿನ ಬಿಟ್ಟು ಪುನಃ ಕೊಟ್ಟೆ. 148.

ಏಪ್ರಿಲ್‌ನಲ್ಲಿ ಮೂರನೆಯದೂ 150ರ ಆಸುಪಾಸೇ ಬಂದಾಗ ಸಂಶಯಕ್ಕೆ ಜಾಗ ಉಳಿಯಲಿಲ್ಲ. ಕಿಡ್ನಿ ಕಾಯಿಲೆಯ ಮೊದಲ ಹಂತ ಅಂತ ಬರೆದರು. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ದಿನಕ್ಕೊಂದು. ಬಿಪಿಗೂ ಅದೇ, ಸೋರಿಕೆಗೂ ಅದೇ. ಶಟಲ್ ಸದ್ಯಕ್ಕೆ ಬೇಡ, 104 ಕೆಜಿ ಹೊತ್ತು ಹಾರಿದರೆ ಮಂಡಿ ಮೊದಲು ಹೋಗುತ್ತದೆ, ಸುಮ್ನೆ ನಡೆಯಿರಿ ಅಂದರು. ಎಷ್ಟು ಬೇಗ ನಡೆಯಬೇಕು ಅಂದೆ. "ಮಾತಾಡ್ಲಿಕ್ಕೆ ಆಗ್ಬೇಕು, ಪದ್ಯ ಹೇಳ್ಲಿಕ್ಕೆ ಆಗ್ಬಾರ್ದು. ಅಷ್ಟು ಸಾಕು."

ಹೀಗೆ ಬೆಳಿಗ್ಗೆ 6 ಗಂಟೆಗೆ ಅಜ್ಜರಕಾಡಿನ ಭುಜಂಗ ಪಾರ್ಕಿಗೆ ಹೋಗಲು ಶುರುಮಾಡಿದೆ. ಎರಡನೇ ದಿನವೇ ಹಿಂದಿನಿಂದ ಒಂದು ಸ್ವರ. "ಎಂತದಾ, ನಡೀಲಿಕ್ಕೆ ಬಂದದ್ದಾ, ದಾರಿ ತಪ್ಪಿ ಬಂದದ್ದಾ?" ತಿರುಗಿ ನೋಡಿದರೆ ನಮ್ಮ ಹೈಸ್ಕೂಲಿನ ಪಿಟಿ ಮಾಸ್ಟ್ರು. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ನೆಟ್ಟಗೆ. ಕಬಡ್ಡಿ ಪೀರಿಯಡ್ ಇದ್ದಾಗಲೆಲ್ಲ ನನ್ನನ್ನು ಮರದಡಿಯಲ್ಲಿ ಸ್ಕೋರ್ ಬರೆಯಲು ಕೂರಿಸುತ್ತಿದ್ದವರು. ಅಕ್ಷರ ಚೆನ್ನಾಗಿದೆ ಅನ್ನುವ ಕಾರಣಕ್ಕೆ. ಕಥೆಯೆಲ್ಲ ಹೇಳಿದೆ. ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ, "ನಿನ್ನನ್ನು ಕೂರಿಸಿದ್ದು ನಾನೇ ಅಲ್ವನಾ. ಇನ್ನು ನಾನೇ ಎಬ್ಬಿಸ್ತೇನೆ, ನಾಳೆ ಆರಕ್ಕೆ ಬಾ" ಅಂದರು.

ಡಾಕ್ಟರ್ ಹೇಳಿದ ವೇಗ ನನಗೆ ಸಿಕ್ಕಿದ್ದು ಮಾಸ್ಟ್ರಿಂದ. ಅವರು ಮಾತು ನಿಲ್ಲಿಸುವುದಿಲ್ಲ, ಉತ್ತರ ಕೊಡದಿದ್ದರೆ ಬಿಡುವುದೂ ಇಲ್ಲ. ಮೊದಲ ವಾರ ಹತ್ತು ನಿಮಿಷಕ್ಕೇ ನನ್ನ ಉತ್ತರಗಳು "ಹಾಂ", "ಹೂಂ" ಆಗುತ್ತಿದ್ದವು. ಆಗ ಅವರೇ ನಿಧಾನ ಮಾಡುತ್ತಿದ್ದರು. ಒಂದು ತಿಂಗಳಲ್ಲಿ ಅರ್ಧ ಗಂಟೆ ಪೂರ್ತಿ ವಾದ ಮಾಡಿಕೊಂಡು ನಡೆಯುವಷ್ಟಾಯಿತು. ಹೆಚ್ಚಿನದು ಯಕ್ಷಗಾನದ ಬಗ್ಗೆ. ಕಾಲಮಿತಿ ಆಟ ಆಟವೇ ಅಲ್ಲ ಅಂತ ಅವರು, ಬೆಳಗಿನವರೆಗೆ ಕೂರಲು ಡಾಕ್ಟರ್ ಬಿಡುವುದಿಲ್ಲ ಅಂತ ನಾನು.

ಎರಡನೇ ತಪ್ಪು ಮೇ ತಿಂಗಳದ್ದು, ಇದು ಮೊದಲಿನದಕ್ಕಿಂತ ದೊಡ್ಡದು. ಒಂದು ತಿಂಗಳು ನಡೆದೂ ತೂಕದ ಮೆಷಿನ್ ಬರೀ ಅರ್ಧ ಕೆಜಿ ಕಮ್ಮಿ ತೋರಿಸಿತು. ತಾಳ್ಮೆ ಕೆಟ್ಟಿತು. ಊರಿನ ಒಂದು ಜಿಮ್‌ಗೆ ಸೇರಿದೆ, ಹೆಸರು ಬೇಡ. ಮೊದಲ ದಿನವೇ ಟ್ರೇನರ್ ಹುಡುಗ ನೂರು ಬಸ್ಕಿ ಹೊಡೆಸಿದ. 60ಕ್ಕೆ ಸಾಕು ಅಂದರೆ, "ಅಣ್ಣ, ಮೈಂಡಲ್ಲಿ ಉಂಟು ಎಲ್ಲ" ಅಂದ. ಮೈಂಡಲ್ಲಿ ಇರಲಿಲ್ಲ, ತೊಡೆಯಲ್ಲಿತ್ತು. ಉಡುಪಿಯ ಮೇ ಅಂದರೆ ಗೊತ್ತಲ್ಲ, ಫ್ಯಾನಿನ ಕೆಳಗೆ ನಿಂತರೂ ಬೆವರು ನಿಲ್ಲುವುದಿಲ್ಲ. ಒಂದು ಬಾಟಲ್ ನೀರೂ ಒಯ್ದಿರಲಿಲ್ಲ. ಜೊತೆಗೆ ಒಂದು ಡಬ್ಬಿ ಪ್ರೋಟೀನ್ ಪೌಡರ್ ಬೇರೆ ಕೈಗೆ ಕೊಟ್ಟ.

ಮರುದಿನ ಕಮೋಡ್ ಮೇಲೆ ಕೂರಲು ಗೋಡೆ ಹಿಡಿಯಬೇಕಾಯಿತು. ಅಂಗಡಿಯ ಮೆಟ್ಟಿಲು ಹಿಮ್ಮುಖವಾಗಿ ಇಳಿದೆ. ಮೆಡಿಕಲ್ ಶಾಪಿನಲ್ಲಿ ಕಾಲುನೋವು ಅಂದೆ, ಚೀಟಿ ಕೇಳದೆ ಡೈಕ್ಲೋಫೆನಾಕ್ ಕೊಟ್ಟರು. ದಿನಕ್ಕೆ ಎರಡರಂತೆ ನಾಲ್ಕು ದಿನ ನುಂಗಿದೆ. ನಾಲ್ಕನೇ ದಿನ ಮೂತ್ರ ಕಡು ಹಳದಿ, ಅದೂ ಸ್ವಲ್ಪವೇ. ಹೆದರಿ ಡಾಕ್ಟರ್ ಹತ್ತಿರ ಓಡಿದೆ. ಓಡಿದೆ ಅನ್ನುವುದು ಮಾತಿಗೆ, ಹೋದದ್ದು ರಿಕ್ಷಾದಲ್ಲಿ.

ಕ್ರಿಯಾಟಿನಿನ್ 0.7 ಇದ್ದದ್ದು 1.2 ಆಗಿತ್ತು. ಸ್ನಾಯು ಹರಿದಾಗ ರಕ್ತಕ್ಕೆ ಬರುವ ಸಿಕೆ ಅನ್ನುವ ಅಂಶವೂ ಇರಬೇಕಾದ್ದಕ್ಕಿಂತ ನಾಲ್ಕು ಪಾಲು. ಮೇಡಂ ಈ ಸಲ ನಗಲಿಲ್ಲ. ಅಭ್ಯಾಸವಿಲ್ಲದ ಮೈಯನ್ನು ಒಮ್ಮೆಲೇ ದಂಡಿಸಿದರೆ ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಜಾಸ್ತಿಯಾದರೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ಆಗ ಆಸ್ಪತ್ರೆಗೆ ಸೇರಲೇಬೇಕು. ನನ್ನದು ಅಲ್ಲಿಯವರೆಗೆ ಹೋಗಿರಲಿಲ್ಲ. ಆದರೆ ನಾನು ಅದರ ಮೇಲೆ ನೋವಿನ ಮಾತ್ರೆ ನುಂಗಿದ್ದೆ. ಬೆವರಿ ನೀರು ಕಮ್ಮಿಯಾದಾಗ ಕಿಡ್ನಿ ತನ್ನ ಒಳಬರುವ ರಕ್ತನಾಳವನ್ನು ಹೇಗೋ ಅಗಲ ಮಾಡಿಕೊಂಡು ಸಂಭಾಳಿಸುತ್ತದೆ. ನೋವಿನ ಮಾತ್ರೆ ಆ ದಾರಿಯನ್ನೇ ಮುಚ್ಚುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ಕಡೆಯ ಒತ್ತಡ ಇಳಿಸಿರುತ್ತದೆ. ಬೆವರು, ಡೈಕ್ಲೋಫೆನಾಕ್, ಟೆಲ್ಮಿಸಾರ್ಟಾನ್ ಮೂರೂ ಒಟ್ಟಿಗೆ ಸೇರಿದರೆ ಸೋಸಲು ಒತ್ತಡವೇ ಉಳಿಯುವುದಿಲ್ಲ. "ನೀವು ಮೂರನ್ನೂ ಒಂದೇ ವಾರದಲ್ಲಿ ಮಾಡಿದ್ದೀರಿ" ಅಂದರು.

ನೋವಿನ ಮಾತ್ರೆ ಬಂದ್. ತೀರಾ ಬೇಕಾದರೆ ಪ್ಯಾರಾಸಿಟಮಾಲ್, ಅದೂ ಕೇಳಿ. ಪೌಡರ್ ಡಬ್ಬಿಯೂ ಬಂದ್, ಪ್ರೋಟೀನ್ ಜಾಸ್ತಿ ತಿಂದಷ್ಟೂ ಸೋಸುವ ಕೆಲಸ ಜಾಸ್ತಿ. ಎರಡು ವಾರದಲ್ಲಿ ಕ್ರಿಯಾಟಿನಿನ್ 0.8ಕ್ಕೆ ಇಳಿದದ್ದು ನನ್ನ ಪುಣ್ಯ. ಜಿಮ್ಮಿನವರು ಮೂರು ತಿಂಗಳ ಫೀಸ್ ವಾಪಸ್ ಕೊಡಲಿಲ್ಲ. ಡಬ್ಬಿಯನ್ನು ಭಾವನಿಗೆ ಕೊಡೋಣ ಅಂದುಕೊಂಡೆ, ಅವನಿಗೂ ಎರಡೇ ಕಿಡ್ನಿ ಅಲ್ವಾ ಅಂತ ಬಿಟ್ಟೆ.

ಮತ್ತೆ ನಡಿಗೆ. ಅಷ್ಟರಲ್ಲಿ ಜೂನ್ ಬಂತು. ನಮ್ಮ ಮಳೆಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ನಡೆಯಬಹುದು ಅಂತ ಹೇಳುವವರು ಘಟ್ಟದ ಮೇಲಿನವರಾಗಿರಬೇಕು. ಮೂರು ದಿನ ಪ್ರಯತ್ನಿಸಿದೆ. ಒಂದು ಕೊಡೆ ಮಗುಚಿಕೊಂಡಿತು, ಒಂದು ಜೊತೆ ಶೂ ಹದಿನೈದು ದಿನ ಒಣಗಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ನನ್ನ ಅಂಗಡಿ ಇರುವ ಕಾಂಪ್ಲೆಕ್ಸಿನಲ್ಲೇ. ಮೊದಲ ಮಹಡಿಯ ವರಾಂಡ ಉದ್ದಕ್ಕಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 62 ಹೆಜ್ಜೆ. ಬೆಳಿಗ್ಗೆ ಆರೂವರೆಗೆ ಶಟರ್‌ಗಳೆಲ್ಲ ಹಾಕಿರುತ್ತವೆ, ಹೊರಗೆ ಧೋ ಅಂತ ಮಳೆ. ಟೈಲರ್ ಅಂಗಡಿ, ಮೊಬೈಲ್ ರಿಪೇರಿ, ನನ್ನ ಅಂಗಡಿ, ಎಲ್‌ಐಸಿ ಏಜೆಂಟನ ಬೋರ್ಡ್, ತಿರುಗಿ ವಾಪಸ್. ಪ್ರತಿ ಹತ್ತು ಸುತ್ತಿಗೊಮ್ಮೆ ಮೆಟ್ಟಿಲು ಹತ್ತಿ ಇಳಿಯುವುದು. ವಾಚ್‌ಮನ್ ಮೊದಲ ವಾರ ಏನೋ ಕಳೆದುಕೊಂಡು ಹುಡುಕುತ್ತಿದ್ದೇನೆ ಅಂತ ಟಾರ್ಚ್ ತಂದುಕೊಟ್ಟಿದ್ದ. ಆಮೇಲೆ ಅವನೇ ಸುತ್ತು ಎಣಿಸಲು ಶುರುಮಾಡಿದ. ನಾನು ಮೋಸ ಮಾಡಿದರೆ "ಸಾರ್, ಇಪ್ಪತ್ತೆರಡೇ ಆದದ್ದು" ಅನ್ನುತ್ತಿದ್ದ.

ಅಂಗಡಿಯಲ್ಲೂ ಒಂದು ಬದಲಾವಣೆ ಮಾಡಿದೆ. ಪ್ರಿಂಟರನ್ನು ಕೈಗೆ ಸಿಗುವ ಜಾಗದಿಂದ ತೆಗೆದು ಆಚೆ ಗೋಡೆಗೆ ಇಟ್ಟೆ. ಈಗ ಪ್ರತಿ ಪ್ರಿಂಟಿಗೂ ಏಳಬೇಕು. ದಿನಕ್ಕೆ ನಲವತ್ತು ಐವತ್ತು ಸಲವಾದರೂ ಏಳುತ್ತೇನೆ. ಗಿರಾಕಿಗಳಿಗೆ ನಾನೊಬ್ಬ ವಿಚಿತ್ರ ಮನುಷ್ಯ ಅನ್ನಿಸಿರಬಹುದು.

ಊಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ ಅಷ್ಟೇ. ಹಪ್ಪಳ, ಉಪ್ಪಿನಕಾಯಿ, ಒಣಮೀನಿನ ಚಟ್ನಿ ಹೋದವು. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಇಲ್ಲದಿರುವುದು ಎಂಥ ಕಷ್ಟ ಅಂತ ಗಂಜಿ ಉಂಡವರಿಗೇ ಗೊತ್ತು. ಗೋಳಿಬಜೆ ವಾರಕ್ಕೊಮ್ಮೆಗೆ ಬಂತು, ಶನಿವಾರ.

ಜುಲೈಯಲ್ಲಿ ಟೆಸ್ಟ್. ಹಿಂದಿನ ದಿನ ವರಾಂಡಕ್ಕೆ ರಜೆ ಕೊಟ್ಟಿದ್ದೆ. ಡಾಕ್ಟರ್ ರೂಮಿನ ಹೊರಗೆ ನರ್ಸ್ ತೂಕ ನೋಡಿದರು. 102. ಆರು ತಿಂಗಳಿಗೆ ಎರಡು ಕೆಜಿ! ಒಳಗೆ ಹೋದವನೇ ಕುರ್ಚಿಯಲ್ಲಿ ಕುಸಿದು, "ಪ್ರಯೋಜನ ಇಲ್ಲ ಮೇಡಂ" ಅಂದೆ. ಅವರು ಮಾತಾಡದೆ ರಿಪೋರ್ಟ್ ನನ್ನ ಕಡೆ ತಿರುಗಿಸಿ ಒಂದು ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದರು. ಎಸಿಆರ್ 96. ಬಿಪಿ 132/84. ಟೇಪ್ ತೆಗೆದು ಸೊಂಟ ಅಳೆದರು, 109.

ತೂಕದ ಮೆಷಿನ್‌ಗೆ ಕೊಬ್ಬು ಯಾವುದು, ಸ್ನಾಯು ಯಾವುದು ಅಂತ ಗೊತ್ತಾಗುವುದಿಲ್ಲ, ನೀರೂ ಗೊತ್ತಾಗುವುದಿಲ್ಲ ಅಂದರು. ನಡೆದಾಗ ಮೊದಲು ಕರಗುವುದರಲ್ಲಿ ಹೊಟ್ಟೆಯೊಳಗಿನ ಕೊಬ್ಬೂ ಒಂದು. ಸ್ನಾಯುಗಳು ಸಕ್ಕರೆಯನ್ನು ಚೆನ್ನಾಗಿ ಎಳೆದುಕೊಳ್ಳಲು ಕಲಿಯುತ್ತವೆ, ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ತೂಕ ಅಷ್ಟೇನೂ ಇಳಿಯದಿದ್ದರೂ ಇವೆಲ್ಲ ನಡೆಯುತ್ತವೆ. ಕಿಡ್ನಿಗೆ ಬೇಕಾದ್ದು ಇವೇ. ಕ್ರಿಯಾಟಿನಿನ್ 0.8, ಇಜಿಎಫ್‌ಆರ್ 112. ಇಳಿದಿದೆಯಲ್ಲ ಅಂತ ನಾನು ಗಾಬರಿಯಾದರೆ, "ಓವರ್‌ಟೈಮ್ ಕಮ್ಮಿ ಆಗಿರ್ಬಹುದು, ಮಾತ್ರೆಯಿಂದಲೂ ಇಷ್ಟು ಇಳೀತದೆ, ತಲೆಬಿಸಿ ಬೇಡ" ಅಂದರು. ಅವತ್ತಿನಿಂದ ಮನೆಯ ತೂಕದ ಮೆಷಿನ್ ಮಂಚದ ಅಡಿಗೆ ಹೋಯಿತು. ಟೇಪ್ ಬಾಗಿಲ ಮೊಳೆಗೆ ಬಂತು.

ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಮತ್ತೆ ಅಜ್ಜರಕಾಡು, ಮತ್ತೆ ಮಾಸ್ಟ್ರು. ಭಾನುವಾರ ಮಲ್ಪೆಗೆ ಹೋಗಿ ಒದ್ದೆ ಮರಳಿನ ಮೇಲೆ ಒಂದು ಗಂಟೆ. ಮರಳಲ್ಲಿ ನಡೆಯುವುದು ಎಷ್ಟು ಕಷ್ಟ ಅಂತ ಗೊತ್ತಾದದ್ದು ಆಗಲೇ, ಅಷ್ಟು ವರ್ಷ ಮಲ್ಪೆಯಲ್ಲಿ ನಾನು ಬರೀ ಚುರುಮುರಿ ತಿಂದಿದ್ದೆ. ವಾರಕ್ಕೆರಡು ದಿನ ಮಾಸ್ಟ್ರು ಗೋಡೆ ಹಿಡಿದು ದಂಡ, ಕುರ್ಚಿಯಿಂದ ಕೈ ಊರದೆ ಏಳುವುದು, ಇಂಥದ್ದು ಹೇಳಿಕೊಟ್ಟರು. ಹತ್ತಕ್ಕಿಂತ ಜಾಸ್ತಿ ಬಿಡುತ್ತಿರಲಿಲ್ಲ. ಆ ತಿಂಗಳ ಎಸಿಆರ್ 58.

ಡಿಸೆಂಬರಿನಲ್ಲಿ ಕುರ್ಚಿಯಿಂದ ಎದ್ದರೆ ತಲೆ ತಿರುಗತೊಡಗಿತು. ಬಿಪಿ ನೋಡಿದರೆ 108/70. ಮಾತ್ರೆ 40ರಿಂದ 20ಕ್ಕೆ ಇಳಿಸಿದರು. ಅರ್ಧ ಮಾತ್ರೆಯಲ್ಲೇ ಜನವರಿಯ ಟೆಸ್ಟ್. 41. ತೂಕ 97, ಸೊಂಟ 102. ನೊರೆ ಯಾವಾಗ ನಿಂತಿತು ಅಂತ ನಾನು ಗಮನಿಸಲೇ ಇಲ್ಲ. ಹೆಂಡತಿ ಹೇಳಿದಳು, "ನೋಡಿ, ಹಳೆ ಬ್ರ್ಯಾಂಡೇ ತಂದದ್ದು. ಈಗ ನೊರೆ ಇಲ್ಲ ಅಲ್ವಾ?"

ಇದೆಲ್ಲ ನಡಿಗೆಯಿಂದಲೇ ಆದದ್ದು ಅಲ್ವಾ ಮೇಡಂ ಅಂತ ಕೇಳಿದೆ. ಹೌದು ಅನ್ನುತ್ತಾರೆ ಅಂತ ಕಾದೆ. ಅವರು ಒಪ್ಪಲಿಲ್ಲ. ಮಾತ್ರೆಯ ಪಾಲು ದೊಡ್ಡದೇ ಉಂಟು, ಉಪ್ಪು ಬಿಟ್ಟದ್ದರ ಪಾಲೂ ಉಂಟು, ಆಮೇಲೆ ತೂಕವೂ ಏಳು ಕೆಜಿ ಇಳಿದಿದೆ. "ಯಾವುದಕ್ಕೆ ಎಷ್ಟು ಅಂತ ಪಾಲು ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಇದು ನಿಮ್ಮ ವಿಭಾಗಪತ್ರ ಅಲ್ಲ." ಮಾತ್ರೆ ಅರ್ಧಕ್ಕೆ ಇಳಿಸಲು ಆದದ್ದರಲ್ಲಿ ನಡಿಗೆಯ ಕೈ ಇದೆ ಅನ್ನುವಷ್ಟು ಮಾತ್ರ ಒಪ್ಪಿದರು. ನನಗೆ ಅಷ್ಟು ಸಾಕಾಯಿತು. ಇನ್ನೊಂದು ಮಾತೂ ಹೇಳಿದರು: ಇದು ನಿಮ್ಮ ಹಂತಕ್ಕೆ. ಕಿಡ್ನಿ ಆಗಲೇ ಅರ್ಧಕ್ಕಿಂತ ಜಾಸ್ತಿ ಹಾಳಾದವರಿಗೆ, ಡಯಾಲಿಸಿಸ್ ಆಗುತ್ತಿರುವವರಿಗೆ ನಡಿಗೆ ಒಳ್ಳೆಯದೇ, ಆದರೆ ನೀರಿನ ಲೆಕ್ಕ, ಮಾತ್ರೆಯ ಲೆಕ್ಕ ಎಲ್ಲ ಬೇರೆ, ನಿಮ್ಮ ಕಥೆ ಕೇಳಿ ಅವರು ಶುರುಮಾಡುವುದು ಬೇಡ.

ಈ ವರ್ಷದ ಅಷ್ಟಮಿಯ ಮರುದಿನ, ವಿಟ್ಲಪಿಂಡಿ ಉತ್ಸವಕ್ಕೆ, ಕೃಷ್ಣ ಮಠದ ರಥಬೀದಿಗೆ ಹೋದೆ. ಬೇರೆ ವರ್ಷ ಯಾವುದಾದರೂ ಅಂಗಡಿಯ ಜಗಲಿಯಲ್ಲಿ ಜಾಗ ಹಿಡಿದು ಕೂರುತ್ತಿದ್ದೆ, ಹುಲಿವೇಷದ ಹುಲಿಗಳು ನಾನಿದ್ದಲ್ಲಿಗೇ ಬರಬೇಕಿತ್ತು. ಈ ಸಲ ತಾಸೆಯ ಬಡಿತ ಕೇಳಿದ ಕಡೆಗೆ ನಾನೇ ಹೋದೆ. ಒಂದು ತಂಡದ ಹಿಂದೆ ಬಿದ್ದು ಮಧ್ಯಾಹ್ನದಿಂದ ಸಂಜೆಯವರೆಗೆ ಅಲೆದೆ. ಮಾಸ್ಟ್ರೂ ಇದ್ದರು, ತಾಸೆಯ ಗದ್ದಲದಲ್ಲಿ ಅವರ ಮಾತು ಕೇಳಿಸದೆ ಬರೀ ತಲೆಯಾಡಿಸಿದೆ. ಒಂದೆರಡು ಹೆಜ್ಜೆ ಹಾಕಿದೆ ಅಂತ ಮಗಳು ವಿಡಿಯೋ ಮಾಡಿಟ್ಟಿದ್ದಾಳೆ, ನಾನು ಒಪ್ಪಿಕೊಂಡಿಲ್ಲ.

ಮರುದಿನ ಬೆಳಿಗ್ಗೆ ಟೆಸ್ಟ್ ಇತ್ತು. ಡಬ್ಬಿ ಹಿಡಿದು ಲ್ಯಾಬಿನ ಕಿಟಕಿಯ ಎದುರು ನಿಂತೆ. ಅದೇ ಹುಡುಗಿ. ಈಗ ಅವಳು ಎಲ್ಲರ ಹತ್ತಿರವೂ ಒಂದು ಪ್ರಶ್ನೆ ಕೇಳುತ್ತಾಳೆ.

"ಸಾರ್, ನಿನ್ನೆ ಎಕ್ಸರ್‌ಸೈಜ್ ಎಂತಾದ್ರೂ ಮಾಡಿದ್ರಾ?"

"ಇಲ್ಲಮ್ಮ. ಹುಲಿಗಳ ಹಿಂದೆ ಸ್ವಲ್ಪ ನಡೆದೆ ಅಷ್ಟೇ."

ಡಬ್ಬಿಯನ್ನು ನನ್ನ ಕಡೆಗೇ ಸರಿಸಿದಳು. "ನಾಡಿದ್ದು ಬನ್ನಿ."